ಛತ್ರಿ ಮಾಸ್ತರರಿಗೆ ಕೇಳಿ: ಮೇಲಿನ ಗಾಳಿ ಬೇರೆ, ಕೆಳಗಿನ ಗಾಳಿ ಬೇರೆ

ವಾಯುಪಡೆಯಲ್ಲಿ ಪ್ಯಾರಾಚೂಟ್ ಹಾರುವುದನ್ನು ಕಲಿಸುವ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಕಾರವಾರದ ಕೋಡಿಬಾಗಕ್ಕೆ ಬಂದು ಕೂತಿದ್ದೇನೆ. ಊರವರು ನನಗಿಟ್ಟ ಹೆಸರು ಛತ್ರಿ ಮಾಸ್ತರ. ಮಳೆಗಾಲದಲ್ಲಿ ಒಬ್ಬರು ನಿಜವಾದ ಛತ್ರಿಯನ್ನೇ ರಿಪೇರಿಗೆ ತಂದಿದ್ದರು. ಕಡ್ಡಿ ಮುರಿದಿತ್ತು, ಹಾಕಿ ಕೊಟ್ಟೆ. ಕಳೆದ ಸಲ ಪ್ಯಾರಾಚೂಟ್ ಮಡಚುವ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಡಚುವುದನ್ನು ಬಿಟ್ಟು ಗಾಳಿಯನ್ನೇ ಹಿಡಿದಿವೆ. ಹಾಗಾಗಿ ಈ ತಿಂಗಳು ಪೂರ್ತಿ ಗಾಳಿ ಲೆಕ್ಕ.

ಪ್ರಶ್ನೆ: ವಿಮಾನದಿಂದ ಹಾರಿದವರು ನೇರ ಕೆಳಗೆ ಬೀಳುವುದಿಲ್ಲ ಎಂದು ಗೊತ್ತು. ಆದರೆ ಇಳಿಯುವ ಜಾಗಕ್ಕಿಂತ ಎಷ್ಟು ದೂರದಲ್ಲಿ ಹಾರಬೇಕು ಎಂದು ಮೊದಲೇ ಹೇಗೆ ತಿಳಿಯುತ್ತದೆ? ಸುಮ್ನೆ ಅಂದಾಜಾ?
– ಓದುಗರೊಬ್ಬರು, ಅಂಕೋಲಾ

ಅಂದಾಜೇ, ಆದರೆ ಲೆಕ್ಕ ಹಾಕಿದ ಅಂದಾಜು. ಪೆನ್ನು, ಕಾಗದ ಇಟ್ಟುಕೊಂಡು ಕೂತರೆ ಐದು ನಿಮಿಷದ ಕೆಲಸ.

ಮೊದಲು ಒಂದು ಸೂತ್ರ ನೆನಪಿಡಿ. ಒಂದು ನಾಟ್ (ಗಂಟೆಗೆ ಸುಮಾರು 1.85 ಕಿ.ಮೀ.) ವೇಗದ ಗಾಳಿ ಒಂದು ನಿಮಿಷದಲ್ಲಿ ನಿಮ್ಮನ್ನು ಸುಮಾರು 31 ಮೀಟರ್ ಒಯ್ಯುತ್ತದೆ. ಬಾಯಿಲೆಕ್ಕಕ್ಕೆ 30 ಎಂದಿಟ್ಟುಕೊಳ್ಳಿ. ಇನ್ನು ಮನುಷ್ಯ ಬೀಳುವ ವೇಗ. ಹೊಟ್ಟೆ ಕೆಳಗೆ ಮಾಡಿ ಕೈಕಾಲು ಚಾಚಿದರೆ ಗಂಟೆಗೆ 190ರಿಂದ 200 ಕಿ.ಮೀ. ಮೊದಲ 1,000 ಅಡಿಗೆ ಸುಮಾರು ಹತ್ತು ಸೆಕೆಂಡ್ ಬೇಕು, ಆಮೇಲಿನ ಪ್ರತಿ 1,000 ಅಡಿಗೆ ಐದೂವರೆ ಸೆಕೆಂಡ್. 13,000 ಅಡಿಯಲ್ಲಿ ಹಾರಿ 4,000ಕ್ಕೆ ಛತ್ರಿ ಬಿಚ್ಚಿದರೆ 54 ಸೆಕೆಂಡ್. ನಾನು ಒಂದು ನಿಮಿಷ ಎಂದೇ ಹಿಡಿಯುತ್ತೇನೆ.

ಈಗ ಮೇಲಿನ ಗಾಳಿ ನೋಡಬೇಕು. 12,000 ಅಡಿಯಲ್ಲಿ 30 ನಾಟ್, 9,000ದಲ್ಲಿ 22, 6,000ದಲ್ಲಿ 14, ಎಲ್ಲವೂ ಪೂರ್ವದಿಂದ ಎಂದಿಟ್ಟುಕೊಳ್ಳಿ. ಸರಾಸರಿ 22 ನಾಟ್. ಒಂದು ನಿಮಿಷಕ್ಕೆ 22 ಗುಣಿಸು 30, ಅಂದರೆ 660 ಮೀಟರ್. ಛತ್ರಿ ಬಿಚ್ಚುವ ಮೊದಲೇ ಗಾಳಿ ನಿಮ್ಮನ್ನು ಇಷ್ಟು ದೂರ ಪಶ್ಚಿಮಕ್ಕೆ ಒಯ್ದಿರುತ್ತದೆ.

ಛತ್ರಿ ಬಿಚ್ಚಿದ ಮೇಲೆ ನಿಮಿಷಕ್ಕೆ ಸುಮಾರು 1,000 ಅಡಿಯಂತೆ ಇಳಿಯುತ್ತೀರಿ. 4,000ದಿಂದ 1,000 ಅಡಿವರೆಗೆ ಮೂರು ನಿಮಿಷ. ಅಲ್ಲಿ ಗಾಳಿ 10 ನಾಟ್ ಇದ್ದರೆ 900 ಮೀಟರ್. ಕೊನೆಯ 1,000 ಅಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಜಾಗದ ಸುತ್ತ ತಿರುಗಿ ಇಳಿಯುವುದಕ್ಕೆ.

ಇನ್ನೊಂದಿದೆ, ಹೊಸಬರು ಮರೆಯುವುದು ಇದನ್ನೇ. ವಿಮಾನದ ವೇಗ ನಿಮ್ಮ ಮೈಯಲ್ಲೂ ಇರುತ್ತದೆ. ಬಾಗಿಲು ಬಿಟ್ಟ ಮೇಲೂ ಸುಮಾರು 300 ಮೀಟರ್ ವಿಮಾನ ಹೋಗುವ ಕಡೆಗೇ ಹೋಗುತ್ತೀರಿ. ಹಾರಿಸುವಾಗ ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಹೋಗುತ್ತದೆ, ಹಾಗಾಗಿ ಈ 300 ಕಳೆಯಬೇಕು. 660 ಕೂಡಿಸು 900 ಕಳೆ 300, ಉತ್ತರ 1,260 ಮೀಟರ್. ಇಳಿಯುವ ಜಾಗದಿಂದ ಅಷ್ಟು ಪೂರ್ವಕ್ಕೆ ಹಾರಬೇಕು.

ಈಗಿನ ಚೌಕದ ಛತ್ರಿಗಳನ್ನು ಬೇಕಾದ ಕಡೆ ತಿರುಗಿಸಬಹುದು, ಹಾಗಾಗಿ ನೂರಿನ್ನೂರು ಮೀಟರ್ ಆಚೀಚೆ ಆದರೆ ಯಾರೂ ಸಾಯುವುದಿಲ್ಲ. ಆದರೆ ಎರಡು ತಪ್ಪು ಮಾತ್ರ ಬೇಡ. ಒಂದು, ಗಾಳಿ 270 ಡಿಗ್ರಿ ಎಂದರೆ ಪಶ್ಚಿಮದಿಂದ ಬರುವ ಗಾಳಿ, ಪಶ್ಚಿಮಕ್ಕೆ ಹೋಗುವ ಗಾಳಿ ಅಲ್ಲ. ನಮ್ಮಲ್ಲಿ ಮೂಡಗಾಳಿ ಎಂದರೆ ಮೂಡಣದಿಂದ ಬರುವುದು ಅಲ್ವಾ, ಹಾಗೆಯೇ. ಪರೀಕ್ಷೆಯಲ್ಲಿ ಇದನ್ನು ತಿರುವುಮುರುವು ಬರೆದು ಇಳಿಯುವ ಜಾಗದ ಆಚೆ ಬದಿಗೆ ಹಾರಿದವರನ್ನು ನೋಡಿದ್ದೇನೆ. ಎರಡನೆಯದು, ಮೇಲೆ ಪೂರ್ವದ 20 ನಾಟ್, ಕೆಳಗೆ ಪಶ್ಚಿಮದ 10 ನಾಟ್ ಇದ್ದರೆ ಎರಡನ್ನೂ ಕೂಡಿಸಿ 30 ಅನ್ನಬಾರದು. ಅವು ಒಂದನ್ನೊಂದು ಕಡಿಮೆ ಮಾಡುತ್ತವೆ. ಒಂದೊಂದು ಪದರಕ್ಕೂ ಬೇರೆ ಬೇರೆ ಬಾಣ ಎಳೆದು, ಬಾಣದ ತುದಿಗೆ ಬಾಣ ಜೋಡಿಸಬೇಕು.

ಮೇಲಿನ ಗಾಳಿ ಹೇಗೆ ಗೊತ್ತಾಗುತ್ತದೆ ಎಂದು ನೀವು ಕೇಳಬಹುದು. ಹವಾಮಾನ ಇಲಾಖೆ ಗೋವಾ ಮತ್ತು ಮಂಗಳೂರಿನಂಥ ಕೇಂದ್ರಗಳಿಂದ ಬಲೂನು ಬಿಡುತ್ತದೆ. ಬೆಳಗ್ಗೆ 5.30, ಸಂಜೆ 5.30 ಅದರ ಹೊತ್ತು. ಆ ಬಲೂನು ಏರುತ್ತ ಏರುತ್ತ ಎತ್ತರಕ್ಕೊಂದು ಗಾಳಿ ಹೇಳುತ್ತದೆ. ಮೊಬೈಲಲ್ಲಿ ವಿಂಡಿಯಂಥ ಆ್ಯಪ್ ತೆರೆದರೂ ಎತ್ತರ ಬದಲಿಸಿ ನೋಡಬಹುದು, ಆದರೆ ಅದು ಕಂಪ್ಯೂಟರಿನ ಅಂದಾಜು. ಅದನ್ನೇ ನಂಬಿ ಬಾಗಿಲಿಗೆ ಹೋಗಬೇಡಿ. ವಿಮಾನ ಏರುವಾಗ ಪೈಲಟ್ ಜಿಪಿಎಸ್ ನೋಡಿ ಹೇಳುವ ಗಾಳಿಯ ಜೊತೆ ತಾಳೆ ಹಾಕಿ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ಸ್ಕೈಡೈವಿಂಗ್ ಕಲಿಯುವ ಆಸೆ. ಒಂದು ಗುಂಪು ಹಾರಿದ ಮೇಲೆ ಮುಂದಿನ ಗುಂಪು ಎಷ್ಟು ಸೆಕೆಂಡ್ ಕಾಯಬೇಕು? ಒಂದು ವಿಡಿಯೊದಲ್ಲಿ, ಮುಂದೆ ಹಾರಿದವರು ಬಾಗಿಲಿನಿಂದ 45 ಡಿಗ್ರಿ ಕೋನದಲ್ಲಿ ಕಂಡಾಗ ಹಾರಿ ಅಂದರು. ಅದು ಸರಿಯಾ?
– ವಿದ್ಯಾರ್ಥಿ, ಶಿರಸಿ

ತಮ್ಮಾ, ಆ ವಿಡಿಯೊ ಮರೆತುಬಿಡು. 45 ಡಿಗ್ರಿ ಮಾತನ್ನು ನಾನೂ ಚಿಕ್ಕವನಿದ್ದಾಗ ನಂಬಿದ್ದೆ. ಯಾಕೆ ತಪ್ಪು ಅಂದರೆ, ಬಾಗಿಲಲ್ಲಿ ನಿಂತು ನೋಡುವ ನೀನೂ, ಮುಂದೆ ಹಾರಿದವನೂ ಆ ಕ್ಷಣಕ್ಕೆ ಒಂದೇ ಗಾಳಿಯಲ್ಲಿ ಇರುತ್ತೀರಿ. ಮೇಲೆ 100 ನಾಟ್ ಎದುರುಗಾಳಿ ಇದ್ದು ವಿಮಾನ ನೆಲಕ್ಕೆ ಹೋಲಿಸಿದರೆ ಒಂದಿಂಚೂ ಮುಂದೆ ಹೋಗದೆ ನಿಂತಿದೆ ಅನ್ನು. ಆಗಲೂ ಹಾರಿದವನು ಹಿಂದಕ್ಕೆ, ಕೆಳಕ್ಕೆ ಸರಿಯುತ್ತಾ ಅದೇ ಕೋನದಲ್ಲೇ ಕಾಣುತ್ತಾನೆ. ಆದರೆ ಕೆಳಗೆ ಗಾಳಿ ಇಲ್ಲದಿದ್ದರೆ ನೀವಿಬ್ಬರೂ ಒಂದೇ ದಾರಿಯಲ್ಲಿ ಬಿದ್ದು ಒಂದೇ ಜಾಗದಲ್ಲಿ ಛತ್ರಿ ಬಿಚ್ಚುತ್ತೀರಿ. ಕೋನಕ್ಕೆ ಇದೇನೂ ಗೊತ್ತಿಲ್ಲ.

ಬೇಕಾದ್ದು ದೂರ. ಸೆಕೆಂಡ್ ಆ ದೂರವನ್ನು ಅಳೆಯುವ ಕೋಲು, ಅಷ್ಟೇ. ನೀನು ಕುಮಟಾದಿಂದ ಶಿರಸಿಗೆ ಬಸ್ಸಲ್ಲಿ ಹೋಗಿರುತ್ತೀಯ. ಬಯಲು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ಇದ್ದಾಗ ಹತ್ತು ಸೆಕೆಂಡಿಗೆ ಬಸ್ಸು ಸುಮಾರು 165 ಮೀಟರ್ ದಾಟುತ್ತದೆ. ಅದೇ ಬಸ್ಸು ದೇವಿಮನೆ ಘಟ್ಟ ಹತ್ತುವಾಗ 20ಕ್ಕೆ ಇಳಿದರೆ ಹತ್ತು ಸೆಕೆಂಡಿಗೆ 55 ಮೀಟರ್. ಎರಡೂ ಕಡೆ ಹತ್ತು ಎಣಿಸಿ ಒಂದೊಂದು ಚೀಲ ಎಸೆದರೆ ಘಟ್ಟದಲ್ಲಿ ಚೀಲಗಳು ಒತ್ತೊತ್ತಾಗಿ ಬೀಳುತ್ತವೆ. ವಿಮಾನಕ್ಕೆ ಘಟ್ಟ ಎಂದರೆ ಎದುರುಗಾಳಿ.

ಚಿಕ್ಕ ಗುಂಪುಗಳ ನಡುವೆ ಸುಮಾರು 300 ಮೀಟರ್, ದೊಡ್ಡ ಗುಂಪಿದ್ದರೆ 450. ವಿಮಾನದ ಮೀಟರ್ 80 ನಾಟ್ ತೋರಿಸಿದರೂ 13,000 ಅಡಿಯಲ್ಲಿ ಗಾಳಿ ತೆಳುವಾದ್ದರಿಂದ ನಿಜವಾದ ವೇಗ 100ರ ಹತ್ತಿರ ಇರುತ್ತದೆ. ಪ್ರತಿ 1,000 ಅಡಿಗೆ ಹೆಚ್ಚುಕಡಿಮೆ ಎರಡು ಶೇಕಡಾ ಸೇರಿಸುತ್ತಾ ಹೋಗು. ನಾಟ್‌ನ ಅರ್ಧ ಮಾಡಿದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂದು ಬರುತ್ತದೆ. ಗಾಳಿಯೇ ಇಲ್ಲದ ದಿನ 100 ನಾಟ್, ಸೆಕೆಂಡಿಗೆ 50 ಮೀಟರ್, 300 ಮೀಟರಿಗೆ ಆರು ಸೆಕೆಂಡ್. 30 ನಾಟ್ ಎದುರುಗಾಳಿ ಇದ್ದರೆ ನೆಲದ ಮೇಲಿನ ವೇಗ 70, ಆಗ ಒಂಬತ್ತು ಸೆಕೆಂಡ್. 60 ನಾಟ್ ಇದ್ದರೆ ಉಳಿಯುವುದು 40, ಆಗ ಹದಿನೈದು. ನೋಡು, ಬೆಳಗ್ಗೆ ಆರು ಎಣಿಸಿದವನು ಮಧ್ಯಾಹ್ನ ಅದೇ ಆರು ಎಣಿಸಿದರೆ ಮುಂದಿನವನ ತಲೆಯ ಮೇಲೆಯೇ ಹೋದ ಹಾಗೆ.

ಇಲ್ಲಿಗೆ ನಿಲ್ಲಿಸಿದರೂ ನಡೆಯುತ್ತದೆ. ಆದರೆ ಇಂಜಿನಿಯರಿಂಗ್ ಓದುವವನಿಗೆ ಪೂರ್ತಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಕಾಳಿ ನದಿಯಲ್ಲಿ ದೋಣಿ ಹೋಗುತ್ತಿದೆ. ದೋಣಿಯಿಂದ ಒಂದು ಬೆಂಡು ಬಿಟ್ಟೆ, ಹತ್ತು ಎಣಿಸಿ ಇನ್ನೊಂದು ಬಿಟ್ಟೆ. ಎರಡು ಬೆಂಡುಗಳ ನಡುವಿನ ಅಂತರ ಎಷ್ಟು? ದಡಕ್ಕೆ ಹೋಲಿಸಿ ದೋಣಿ ಎಷ್ಟು ಹೋಯಿತು ಎಂಬುದು ಬೇಡ. ಬೆಂಡುಗಳು ತೇಲುತ್ತಿರುವ ನೀರಿಗೆ ಹೋಲಿಸಿ ಎಷ್ಟು ಹೋಯಿತು ಅನ್ನುವುದೇ ಉತ್ತರ. ಇಲ್ಲೂ ಹಾಗೆ. ಛತ್ರಿಗಳು ಬಿಚ್ಚುವ ಎತ್ತರದ ಗಾಳಿಯೇ ನಮ್ಮ ನೀರು. ವಿಮಾನ ಪೂರ್ವಕ್ಕೆ ನೆಲದ ಮೇಲೆ 70 ನಾಟ್‌ನಲ್ಲಿ ಹೋಗುತ್ತಿದೆ, ಬಿಚ್ಚುವ ಎತ್ತರದಲ್ಲೂ ಪೂರ್ವದಿಂದ 10 ನಾಟ್ ಗಾಳಿ ಇದೆ. ಮೊದಲ ಗುಂಪಿನ ಛತ್ರಿಗಳು ಪಶ್ಚಿಮಕ್ಕೆ ಸರಿಯುತ್ತಿರುತ್ತವೆ, ಅಂತರ ಇನ್ನೂ ಬೆಳೆಯುತ್ತದೆ. ಲೆಕ್ಕಕ್ಕೆ 80 ನಾಟ್, ಅಂದರೆ ಒಳ್ಳೆಯದೇ. ಅಲ್ಲಿ ಗಾಳಿ ಪಶ್ಚಿಮದಿಂದ ಬೀಸಿದರೆ? ಮೊದಲು ಹಾರಿದವರು ನಿನ್ನ ಹಿಂದೆಯೇ ತೇಲಿ ಬರುತ್ತಾರೆ. ಲೆಕ್ಕಕ್ಕೆ 60 ನಾಟ್, ಕಾಯುವುದು ಹತ್ತು ಸೆಕೆಂಡ್. ಸಮುದ್ರದ ಗಾಳಿಯ ಪದರ ದಪ್ಪವಾದ ಸಂಜೆಗಳಲ್ಲಿ ಕರಾವಳಿಯಲ್ಲಿ ಹೀಗೆ ಆಗುತ್ತದೆ.

ಇನ್ನೆರಡು ಮಾತು. ಐದು ಗುಂಪು ಇದ್ದರೆ ಮೊದಲನೆಯವರಿಂದ ಕೊನೆಯವರಿಗೆ 1,200 ಮೀಟರ್ ಆಯಿತು. ಅಂಕೋಲಾದವರಿಗೆ ಹೇಳಿದ 1,260 ಮಧ್ಯದ ಗುಂಪಿಗೆ. ಮೊದಲ ಗುಂಪು ಅದಕ್ಕಿಂತ 600 ಮೀಟರ್ ಮೊದಲೇ ಹಾರಬೇಕು, ಇಲ್ಲದಿದ್ದರೆ ಕೊನೆಯವರು ನಡೆದು ಬರಬೇಕಾಗುತ್ತದೆ. ಮತ್ತೊಂದು, ಒಂಟಿಯಾಗಿ ಹಾರಿ ಗಾಳಿಯಲ್ಲಿ ಅಡ್ಡ ಜಾರುವ ಹುಚ್ಚು ನಿನ್ನ ವಯಸ್ಸಿನವರಿಗೆ ಜಾಸ್ತಿ. ಜಾರುವುದಿದ್ದರೆ ವಿಮಾನ ಹೋದ ಸಾಲಿನಿಂದ ಎಡಕ್ಕೋ ಬಲಕ್ಕೋ ಜಾರು. ಸಾಲಿನ ಉದ್ದಕ್ಕೇ ಜಾರಿದರೆ ಇಷ್ಟೆಲ್ಲ ಲೆಕ್ಕ ಹಾಕಿ ಬಿಟ್ಟ 300 ಮೀಟರನ್ನು ನೀನೇ ತಿಂದುಹಾಕುತ್ತೀಯ.

ಪ್ರಶ್ನೆ: ತಲೆಕೆಳಗಾಗಿ ಬೀಳುವವರು ಬೇಗ ಕೆಳಗೆ ಹೋಗುತ್ತಾರೆ. ಹಾಗಿದ್ದರೆ ಅವರನ್ನೇ ಮೊದಲು ಕಳಿಸುವುದು ಸರಿಯಲ್ಲವೆ?
– ಓದುಗರು, ಹೊನ್ನಾವರ

ಎಲ್ಲರಿಗೂ ಹೀಗೇ ಅನಿಸುತ್ತದೆ. ಆದರೆ ಗಾಳಿ ಇರುವ ದಿನ ಹೊಟ್ಟೆಯ ಮೇಲೆ ಬೀಳುವವರನ್ನೇ ಮೊದಲು ಕಳಿಸುತ್ತೇವೆ. ಅವರು ಒಂದು ನಿಮಿಷ ಗಾಳಿಯಲ್ಲಿ ಇರುತ್ತಾರೆ, 22 ನಾಟ್ ಗಾಳಿ 660 ಮೀಟರ್ ಒಯ್ಯುತ್ತದೆ. ತಲೆಕೆಳಗಾದವರು ಸುಮಾರು 40 ಸೆಕೆಂಡಲ್ಲಿ ಮುಗಿಸುತ್ತಾರೆ, ಅವರನ್ನು ಒಯ್ಯುವುದು 440. ವ್ಯತ್ಯಾಸ 220. ಬೇಗ ಬೀಳುವವರು ಮೊದಲು ಹೋಗಿ, ನಿಧಾನದವರು 300 ಮೀಟರ್ ಮುಂದೆ ಹಾರಿದರೆ, ಗಾಳಿ ನಿಧಾನದವರನ್ನು 220 ಮೀಟರ್ ಹಿಂದಕ್ಕೆ ತಂದು ಅವರ ಪಕ್ಕಕ್ಕೇ ನಿಲ್ಲಿಸುತ್ತದೆ. ಉಳಿಯುವುದು 80 ಮೀಟರ್. ಕ್ರಮ ತಿರುಗಿಸಿದರೆ 520. ಟ್ಯಾಂಡಮ್‌ನವರು, ಅಂದರೆ ಶಿಕ್ಷಕರ ಎದೆಗೆ ಕಟ್ಟಿಸಿಕೊಂಡು ಹಾರುವವರು ಎಲ್ಲರಿಗಿಂತ ಎತ್ತರದಲ್ಲಿ ಬಿಚ್ಚುತ್ತಾರೆ, ಅವರು ಕೊನೆಗೆ.

ಪ್ರಶ್ನೆ: ತುಂಬಾ ವರ್ಷದ ಹಿಂದೆ ಒಂದು ಪ್ರದರ್ಶನದಲ್ಲಿ, ಮೊದಲು ವಿಮಾನದಿಂದ ಬಣ್ಣದ ಕಾಗದದ ಉದ್ದ ಪಟ್ಟಿ ಎಸೆದರು. ಜನರ ಖುಷಿಗೆ ಅಂದುಕೊಂಡಿದ್ದೆ. ಅದು ಗಾಳಿ ನೋಡಲಿಕ್ಕಾ? ಹಾಗೆಯೇ, ನಮ್ಮ ಟ್ಯಾಗೋರ್ ಕಡಲತೀರದಲ್ಲಿ ಇಳಿಯುವುದು ಕಷ್ಟವಾ?
– ನಿವೃತ್ತ ಶಿಕ್ಷಕರು, ಕಾರವಾರ

ಮಾಸ್ತರೆ, ಒಳ್ಳೆಯ ನೆನಪು ನಿಮ್ಮದು. ಅದು ಗಾಳಿ ನೋಡುವ ಪಟ್ಟಿಯೇ. ಕ್ರೇಪ್ ಕಾಗದ, 20 ಅಡಿ ಉದ್ದ, 10 ಇಂಚು ಅಗಲ. ತುದಿಗೊಂದು ಕಡ್ಡಿ, ಛತ್ರಿ ಇಳಿಯುವ ವೇಗದಲ್ಲೇ ಇಳಿಯಲಿ ಎಂದು ಅಷ್ಟೇ ಭಾರ. ಛತ್ರಿ ಬಿಚ್ಚುವ ಎತ್ತರದಲ್ಲಿ, ಇಳಿಯುವ ಜಾಗದ ನೆತ್ತಿಯ ಮೇಲೆ ಎಸೆಯಬೇಕು. ಅದು ಎಲ್ಲಿ ಬಿತ್ತೋ ನೋಡಿ, ಜಾಗದಿಂದ ಅಷ್ಟೇ ದೂರ ಎದುರು ದಿಕ್ಕಿಗೆ ಹೋಗಿ ಅಲ್ಲಿ ಛತ್ರಿ ಬಿಚ್ಚುವ ಹಾಗೆ ಹಾರುವುದು. ದುಂಡು ಛತ್ರಿಯನ್ನು ಹೆಚ್ಚು ತಿರುಗಿಸಲು ಬರುತ್ತಿರಲಿಲ್ಲ, ಅದಕ್ಕೇ ಈ ಜಾಗ್ರತೆ. ಈಗ ಜಿಪಿಎಸ್ ಬಂದು ಪಟ್ಟಿ ಎಸೆಯುವವರು ಕಡಿಮೆ.

ಎರಡನೆಯ ಪ್ರಶ್ನೆಗೆ ನನ್ನ ಮರ್ಯಾದೆ ಕಳೆದುಕೊಂಡೇ ಉತ್ತರಿಸಬೇಕು. ನಮ್ಮ ಜಿಲ್ಲೆಯದೇ ಒಂದು ಬೀಚು, ಯಾವುದು ಎಂದು ಬೇಡ. ಜನವರಿ ತಿಂಗಳು, ಹೆಲಿಕಾಪ್ಟರಿನಿಂದ ಪ್ರದರ್ಶನ. ಹೊತ್ತು ಮಧ್ಯಾಹ್ನ ಹನ್ನೆರಡು. ಮರಳಿನ ಮೇಲೆ ನೆಟ್ಟ ಬಾವುಟ ಸಮುದ್ರದಿಂದ ಊರ ಕಡೆಗೆ ಚೆನ್ನಾಗಿ ಹಾರುತ್ತಿತ್ತು. ಪಟ್ಟಿ ನನ್ನ ಚೀಲದಲ್ಲೇ ಇತ್ತು. ಬಾವುಟ ಇಷ್ಟು ಸ್ಪಷ್ಟವಾಗಿ ಹೇಳುವಾಗ ಪಟ್ಟಿ ಯಾಕೆ ಅಂದುಕೊಂಡೆ. ಆಗ್ರಾದಲ್ಲಿ ಅಷ್ಟು ವರ್ಷ ಹುಡುಗರಿಗೆ ಪಾಠ ಹೇಳಿದವನು ನಾನು! ಪಶ್ಚಿಮದ ಗಾಳಿ ನನ್ನನ್ನು ದಡಕ್ಕೆ ತರುತ್ತದೆ ಎಂದು ದಡದಿಂದ 500 ಮೀಟರ್ ಸಮುದ್ರದ ಮೇಲೆ, 6,000 ಅಡಿಯಲ್ಲಿ ಹಾರಿದೆ.

3,500ಕ್ಕೆ ಬಿಚ್ಚಿದೆ. ದಡ ನಾನು ಎಣಿಸಿದ್ದಕ್ಕಿಂತ ದೂರ ಕಂಡಿತು. ಊರ ಕಡೆ ಮುಖ ಮಾಡಿದೆ. ತೆಂಗಿನ ಮರಗಳು ಹತ್ತಿರ ಬರಲೇ ಇಲ್ಲ. ನನ್ನ ಛತ್ರಿಯ ಸ್ವಂತ ವೇಗ 20 ನಾಟ್, ಎದುರಿಗೆ ಬೀಸುತ್ತಿದ್ದ ಮೂಡಗಾಳಿ ಅದಕ್ಕಿಂತ ಚೂರು ಜಾಸ್ತಿ. ಮೂರು ನಿಮಿಷ ಕಷ್ಟಪಟ್ಟು ಹಿಂದಕ್ಕೇ ಹೋಗಿದ್ದೆ.

ಚಳಿಗಾಲದಲ್ಲಿ ನಮ್ಮ ಕರಾವಳಿಯ ಮೇಲೆ ಘಟ್ಟದ ಕಡೆಯಿಂದ ಮೂಡಗಾಳಿ ಇರುತ್ತದೆ. ಬೆಳಗ್ಗೆ ನೆಲದ ಮೇಲೂ ಅದೇ. ಬಿಸಿಲೇರಿ ನೆಲ ಕಾದ ಮೇಲೆ ಸಮುದ್ರದ ತಂಪು ಗಾಳಿ ಅದರ ಅಡಿಯಿಂದ, ಚಾಪೆಯ ಕೆಳಗೆ ನೀರು ನುಗ್ಗುವ ಹಾಗೆ ನುಗ್ಗುತ್ತದೆ. ಶುರುವಿಗೆ ಆ ಪದರ ಕೆಲವೇ ನೂರು ಅಡಿ. ಅವತ್ತು ಸುಮಾರು 600 ಅಡಿಗೆ ಇಳಿದಾಗ ನನಗೆ ಅದು ಸಿಕ್ಕಿತು. ಸಿಕ್ಕಿದ್ದೇ ತಡ ದಡ ಓಡಿ ಬರತೊಡಗಿತು, ಆದರೆ ಅಷ್ಟರಲ್ಲಿ ಎತ್ತರವೇ ಉಳಿದಿರಲಿಲ್ಲ. ದಡಕ್ಕೆ 300 ಮೀಟರ್ ಇರುವಾಗ ನೀರಿಗೆ ಬಿದ್ದೆ. ಲೈಫ್ ಜಾಕೆಟ್ ಹಾಕಿದ್ದೆ, ಅವತ್ತು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಬಿದ್ದದ್ದು ಎಲ್ಲಿ ಅಂದರೆ ರಾಂಪಣಿ ಬಲೆಯ ಒಳಗೆ. ದಡದಲ್ಲಿ ಎರಡು ಸಾಲು ಜನ ಹಗ್ಗ ಎಳೆಯುತ್ತಿದ್ದರು. ಛತ್ರಿಯ ದಾರಗಳೆಲ್ಲ ಬಲೆಗೆ ಸಿಕ್ಕಿಕೊಂಡವು. ಪಾತಿ ದೋಣಿಯವರು ಬಂದು ನನ್ನನ್ನು ಎತ್ತಿ ಹಾಕಿಕೊಂಡರು. ‘ಪೆಟ್ಟಾಯ್ತಾ?’ ಎಂದು ಒಬ್ಬರು ಕೇಳಿದರು. ಇಲ್ಲ ಅಂದೆ. ‘ಹಾಗಾದ್ರೆ ಬಲೆ ಬಿಡಿಸ್ಲಿಕ್ಕೆ ಕೂತ್ಕೊಳ್ಳಿ’ ಅಂದರು. ಎರಡು ತಾಸು ಬಂಗಡೆಗಳ ನಡುವೆ ಕೂತು ದಾರ ಬಿಡಿಸಿದೆ. ಹರಿದ ಬಲೆಗೆ ದುಡ್ಡು ಕೊಟ್ಟದ್ದೂ ನನ್ನ ಜೇಬಿನಿಂದಲೇ.

ನನ್ನ ಹಿಂದಿದ್ದ ಇಬ್ಬರು ಬಾಗಿಲಲ್ಲೇ ನಿಂತು ನಾನು ಎತ್ತ ಹೋಗುತ್ತೇನೆ ಎಂದು ನೋಡಿದರು. ಪೈಲಟ್‌ಗೆ ಇನ್ನೊಂದು ಸುತ್ತು ಹಾಕಿಸಿ, ಊರ ಮೇಲೆ ಹಾರಿ, ಬಾವುಟದ ಬುಡದಲ್ಲೇ ಇಳಿದರು. ಅವರಿಗೆ ನಾನೇ ಕಾಗದದ ಪಟ್ಟಿ. ಚಪ್ಪಾಳೆಯೂ ಅವರಿಗೇ.

ಟ್ಯಾಗೋರ್ ಕಡಲತೀರದ ಮಾತು ಹೇಳುವುದಾದರೆ, ಮರಳು ಉದ್ದಕ್ಕಿದೆ, ಅಗಲ ಸಾಲದು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೆದ್ದಾರಿ, ವಿದ್ಯುತ್ ತಂತಿ. ಪಕ್ಕದಲ್ಲಿ ನೌಕಾನೆಲೆ ಇರುವುದರಿಂದ ಆಕಾಶದಲ್ಲಿ ಏನೇ ಮಾಡಲಿಕ್ಕೂ ಅನುಮತಿ ಬೇಕು. ಅನುಭವ ಇದ್ದವರಿಗೆ, ಬೆಳಗ್ಗೆ ಒಂಬತ್ತರ ಒಳಗೆ, ಮೇಲೂ ಕೆಳಗೂ ಒಂದೇ ಗಾಳಿ ಇರುವಾಗ, ದೋಣಿ ಕಾವಲಿಟ್ಟು ಹಾರಬಹುದು. ಕಲಿಯುವವರಿಗೆ ಬೇಡವೇ ಬೇಡ.

ಪ್ರಶ್ನೆ: ಮಗಳು ಹೊರದೇಶದಲ್ಲಿ ಕೆಲಸದಲ್ಲಿದ್ದಾಳೆ. ಮುಂದಿನ ತಿಂಗಳು ಟ್ಯಾಂಡಮ್ ಹಾರುತ್ತಾಳಂತೆ. ನಿಮ್ಮ ಲೆಕ್ಕವೆಲ್ಲ ಅವಳಿಗೂ ಗೊತ್ತಿರಬೇಕಾ? ನನಗೆ ಈಗಲೇ ನಿದ್ದೆ ಬರುತ್ತಿಲ್ಲ.
– ಒಬ್ಬ ತಾಯಿ, ಶಿರಸಿ

ಬೇಡ ಅಕ್ಕಾ. ಲೆಕ್ಕ ಪೂರ್ತಿ ಶಿಕ್ಷಕರದ್ದು. ಸುಮಾರು 5,000 ಅಡಿಯಲ್ಲೇ ಛತ್ರಿ ಬಿಚ್ಚುತ್ತಾರೆ, ಜಾಗ ತಪ್ಪಿದರೂ ಸರಿಪಡಿಸಿಕೊಳ್ಳಲು ಹೊತ್ತಿರುತ್ತದೆ. ಗಾಳಿ ಜಾಸ್ತಿ ಎಂದು ಅವತ್ತು ಹಾರಿಸದೆ ವಾಪಸ್ ಕಳಿಸಿದರೆ ಸಿಟ್ಟಾಗಬೇಡ, ಅದು ಒಳ್ಳೆಯ ಜಾಗ ಎಂದು ಅವಳಿಗೆ ಹೇಳಿ. ಮಗಳು ಹೆಣ್ಣು ಎಂದು ಯಾರಾದರೂ ರಾಗ ತೆಗೆದರೆ ನಮ್ಮ ದೇಶದ ಸ್ಕೈಡೈವರ್ ರೇಚೆಲ್ ಥಾಮಸ್ ಹೆಸರು ಹೇಳಿ. 1979ರಲ್ಲಿ ಹಾರಲು ಶುರು ಮಾಡಿದವರು, 2002ರಲ್ಲಿ ಉತ್ತರ ಧ್ರುವದ ಮೇಲೆ 7,000 ಅಡಿಯಿಂದ ಹಾರಿದರು. ಮತ್ತೆ, ಬೆಳಗ್ಗೆ ಹೊಟ್ಟೆ ಬಿರಿಯುವಷ್ಟು ತಿಂದು ಹೋಗಬೇಡ ಅನ್ನಿ. ಎರಡು ದೋಸೆ ಸಾಕು.